ಬೆನ್ನು ಸವರಿದ ಕೈ

ಬಾಗಿಲು ಬಡಿದ ಆಸ್ಪತ್ರೆಯ ಕಾಂಪೌಂಡರ್, ಕರಿಯಪ್ಪನ ಕೈಲೊಂದು ಕಾರ್ಡು ಇಟ್ಟ. “ಕ್ಯಾಂಪಲ್ಲೇ ಬಿಟ್ಟು ಬಂದಿದ್ರಿ ಕಣ್ರೀ. ನಿಮ್ಮಿಂದ ಒಬ್ರು ಮೇಷ್ಟ್ರ ಕೆಲ್ಸ ಉಳೀತು!”

ಮಕ್ಕಳಾಗದ ಆಪರೇಷನ್ನಿಗೆ ಕೇಸು ತಾರದ ಮೇಷ್ಟ್ರುಗಳನ್ನು ಕೆಲಸದಿಂದ ತೆಗೆದು ಮನೆಗೆ ಕಳಿಸುತ್ತಿದ್ದ ತುರ್ತು ಪರಿಸ್ಥಿತಿಯ ದಿನಗಳವು. ಕರಿಯಪ್ಪ ಓದಿದ: ಸಂತಾನಹರಣ ಶಸ್ತ್ರಚಿಕಿತ್ಸೆ. ಅಜ್ಜಂಪುರದಲ್ಲಿ ತನಗಾದದ್ದು ಹರ್ನಿಯಾ ಆಪರೇಷನ್ ಅಲ್ಲವೇ? ಬರುವ ತಿಂಗಳು ಮದುವೆ! ಅವನು ಚೀರಿದ.

“ಯಾವನ್ಲೇ ನಿನ್ನ ಬಾಳು ಹಾಳ್ಮಾಡ್ದೋನು? ಹೇಳು, ಕಾಲ್ಮುರೀತೀನಿ!” ಒಳಗಿನಿಂದ ಓಡಿಬಂದ ಅಣ್ಣ, ವಿಷಯ ತಿಳಿದು ಗುಡುಗುತ್ತಾ, ತಮ್ಮನ ಬೆನ್ನು ಸವರತೊಡಗಿದ. ಅಂದು ಕರಿಯಪ್ಪ ಆಪರೇಷನ್ನಿಗೆ ಹೆದರಿ ಕೂತಿದ್ದಾಗಲೂ, “ಏನೂ ಆಗಲ್ಲ, ಬಾರಪ್ಪ” ಎಂದು ಹೀಗೆಯೇ ಸವರಿ ಪುಸಲಾಯಿಸಿದ್ದ ಕೈ ಅದು.

ಕಾರ್ಡಿನ ಕೊನೆಯಲ್ಲಿ, ‘ಮನವೊಲಿಸಿದವರು’ ಎಂಬುದರ ಮುಂದೆ, ಕರಿಯಪ್ಪ ಚಿಕ್ಕಂದಿನಿಂದ ಬಲ್ಲ ದುಂಡಗಿನ ಅಕ್ಷರದಲ್ಲಿ ಒಂದೇ ಸಾಲಿತ್ತು:

ಬೀರಪ್ಪ, ಶಿಕ್ಷಕ. ಸಂಬಂಧ: ಅಣ್ಣ.