ಹಗ್ಗ ಹಿಡಿದವನು

ಹದಿನಾಲ್ಕನೇ ಮಹಡಿಯ ಹೊರಗೆ ಹಗ್ಗಕ್ಕೆ ಜೋತುಬಿದ್ದಿದ್ದ ಕಾಲುಗಳು ತನ್ನ ಗಂಡನವಲ್ಲ ಎಂದು ಮಾಸ್ತಮ್ಮನಿಗೆ ಕಂಡಾಗ ಅವಳ ಕೈಯಲ್ಲಿ ಜೇನಿನ ಬಾಟಲಿ ಇತ್ತು.

ಜಡಿಯನವು ಬಿಲ್ಲಿನಂತೆ ಬಾಗಿದ ಕಾಲುಗಳು. ಇವು ನೆಟ್ಟಗಿದ್ದವು. ಇವು ಅಣ್ಣ ಪುಟ್ಟಯ್ಯನವು.

“ಪ್ಯೂರ್ ತಾನೇ ಇದು?” ಎಂದು ಕೇಳುತ್ತಿದ್ದ ಅಪಾರ್ಟ್‌ಮೆಂಟಿನ ಮೇಡಂ, ಅವಳ ಮುಖ ನೋಡಿ ತಡೆದರು. “ಅಯ್ಯೋ, ಕೆನ್ನೆಗೇನಾಯ್ತು?”

“ಜೇನುಹುಳ ಒಡೀತು ಮೇಡಂ.”

ನಾಲಿಗೆಗೆ ರೂಢಿಯಾಗಿದ್ದ ಮಾತು. ಕಣ್ಣು ಮಾತ್ರ ಮೇಲೆಯೇ ನೆಟ್ಟಿತ್ತು.

ಕಾಡಿಗೆ ಬೇಲಿ ಬಿದ್ದ ಮೇಲೆ ಹಾಡಿ ಬಿಟ್ಟು ಹೆಬ್ಬಗೋಡಿಯ ಬಾಡಿಗೆ ಕೋಣೆಗೆ ಬಂದವರು ಅವರು. ಸೀಗೆ, ಅಂಟುವಾಳ, ನೆಲ್ಲಿ ಎಲ್ಲ ಹಿಂದೆ ಉಳಿದವು. ಹೆಜ್ಜೇನು ಮಾತ್ರ ಅವರಿಗಿಂತ ಮೊದಲೇ ಇಲ್ಲಿಗೆ ಬಂದು ಎತ್ತರದ ಕಟ್ಟಡಗಳಿಗೆ ತೂಗಿಕೊಂಡಿತ್ತು. ಬಂಡೆಯ ನೆತ್ತಿಯಿಂದ ಇಳಿಯುತ್ತಿದ್ದ ಜಡಿಯ ಈಗ ತಾರಸಿಯಿಂದ ಇಳಿಯುತ್ತಿದ್ದ. ಕಟ್ಟಡದವರಿಗೆ ಹುಳದ ಕಾಟ ತಪ್ಪಿದರೆ ಸಾಕು. ಜೇನುತುಪ್ಪವೂ ಮೇಣವೂ ಇವರಿಗೆ.

ಊರು ಬದಲಾದರೂ ಕಟ್ಟಳೆ ಬದಲಾಗಲಿಲ್ಲ. ಜೇನಿಗೆ ಇಳಿಯುವವನ ಹಗ್ಗಕ್ಕೆ ಮೇಣ ತಿಕ್ಕಿ ಕಾಪಾಡುವವಳು ಅವನ ಹೆಂಡತಿ. ಅದನ್ನು ಯಾರೂ ಜಗ್ಗಿ ನೋಡುವುದಿಲ್ಲ, ನೋಡಿದರೆ ಅವಳಿಗೆ ಅವಮಾನ. ಮೇಲೆ ಕೂತು ಹಗ್ಗ ಹಿಡಿಯುವವನು ಅವಳ ಒಡಹುಟ್ಟಿದವನು. ತಂಗಿಯನ್ನು ವಿಧವೆ ಮಾಡಲು ಯಾವ ಅಣ್ಣನ ಕೈ ಸಡಿಲವಾದೀತು?

ಆದರೆ ಅಣ್ಣನೇ ಇಳಿದು, ಗಂಡ ಹಗ್ಗ ಹಿಡಿದರೆ? ಅದಕ್ಕೆ ಕಟ್ಟಳೆ ಇರಲಿಲ್ಲ.

ಬೆಳಿಗ್ಗೆ ಹಾಡಿಯಿಂದ ಬಂದ ಪುಟ್ಟಯ್ಯ ಅವಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದ್ದ.

“ಜೇನು ಒಡೆದ್ರೆ ಐದು ಬೆರಳು ಮೂಡ್ತದಾ, ಮಾಸ್ತಿ?”

ಮೂಲೆಯಲ್ಲಿ ಹೊಗೆ ಹಾಕಲು ಸೊಪ್ಪಿನ ಸೂಡಿ ಕಟ್ಟುತ್ತಿದ್ದ ಜಡಿಯ ತಲೆ ಎತ್ತಲಿಲ್ಲ. “ನನ್ನ ಎಂಡ್ತಿ, ನನ್ನ ಮನೆ. ನೀನು ಅಗ್ಗ ಇಡಿಯಕ್ಕೆ ಬಂದವ. ಇಡ್ಕೊಂಡು ಓಗು.”

“ಇಡಿಯೋದೂ ಗೊತ್ತು ಬಾವ, ಬಿಡೋದೂ ಗೊತ್ತು,” ಎಂದಿದ್ದ ಪುಟ್ಟಯ್ಯ.

ಬಾಟಲಿಯನ್ನು ಮೇಡಂ ಕೈಗೆ ತುರುಕಿ ಮಾಸ್ತಮ್ಮ ಓಡಿದಳು.

“ಏಯ್ ಅಕ್ಕಾ! ಆ ಲಿಫ್ಟ್ ನಿಮ್ದಲ್ಲ! ಹಿಂದ್ಗಡೆ ಹೋಗಿ, ಸರ್ವೀಸ್ ಲಿಫ್ಟು!” ಸೆಕ್ಯುರಿಟಿ ನಲ್ಲಪ್ಪ ಅಡ್ಡ ಬಂದ.

“ಅಣ್ಣಾ, ನಮ್ಮಣ್ಣ ಯಾಕೆ ಇಳಿದವ್ನೆ?”

“ನಿಮ್ಮೆಜಮಾನ್ರು ಮಧ್ಯಾಹ್ನಾನೇ ಏರಿಸ್ಕೊಂಡ್ಬಿಟ್ಟವ್ರಲ್ಲ! ‘ಕುಡುದವನ್ನ ಇಳ್ಸಿ ನನ್ನ ತಂಗೀನ ಮುಂಡೆ ಮಾಡ್ಲಾ’ ಅಂತ ಬಯ್ದು ನಿಮ್ಮಣ್ಣ ತಾನೇ ಇಳ್ದ. ಮೇಲೆ ನಿಮ್ಮೋರು ಹಗ್ಗ ಹಿಡ್ಕೊಂಡವ್ರೆ.”

“ಯಾವ ಅಗ್ಗ?”

“ಯಾವ್ದಂದ್ರೆ? ನೀವೇ ತಂದ್ಕೊಟ್ರಲ್ಲಕ್ಕಾ ಬರೋವಾಗ. ಸರಿ ಹೋಯ್ತು!”

ಸರ್ವೀಸ್ ಲಿಫ್ಟು ನರಳುತ್ತ ಏರಿತು. ಆರನೇ ಮಹಡಿಯಲ್ಲಿ ನಿಂತಿತು. ಕಸದ ಡಬ್ಬಿ ಹಿಡಿದ ಹೆಂಗಸು ಒಳಗೆ ಬಂದು, ನಿಧಾನವಾಗಿ ಡಬ್ಬಿ ಸರಿಸಿ, ಬಾಗಿಲಿಗೆ ದಾರಿ ಬಿಟ್ಟಳು. ಮಾಸ್ತಮ್ಮ ಉಗುರಿನಿಂದ ಉಗುರು ಕೆರೆಯುತ್ತ ನಿಂತಿದ್ದಳು. ಕುಡಿದಾಗ ಜಡಿಯನ ಕೈ ಏನು ಮಾಡುತ್ತದೆಂದು ಅವಳಷ್ಟು ಬಲ್ಲವರು ಬೇರೆ ಯಾರಿದ್ದಾರೆ? ಆ ಕೈಗೆ ಹೆದರಿ ಹೆದರಿ ಅವಳ ಮೈ ಮರಗಟ್ಟಿತ್ತು. ಆದರೆ ಈ ಭಯ ಬೇರೆ. ಇದು ಹೊರಗಿನಿಂದ ಬಂದು ಹೊಡೆಯುವುದಲ್ಲ. ಒಳಗೇ ಹುಟ್ಟಿದ್ದು.

ತಾರಸಿಯಲ್ಲಿ ಹಸಿ ಸೊಪ್ಪಿನ ಹೊಗೆ. ಸಂಜೆ ಬೆಳಕು ಆರುತ್ತಿತ್ತು. ನೀರಿನ ಟ್ಯಾಂಕಿನ ಕಬ್ಬಿಣದ ಕಂಬಕ್ಕೆ ಹಗ್ಗ ಒಂದು ಸುತ್ತು ಬಂದಿತ್ತು. ಅದನ್ನು ಹಿಡಿದು, ಗೋಡೆಗೆ ಕಾಲು ಕೊಟ್ಟು ಜಡಿಯ ಕೂತಿದ್ದ. ಕಣ್ಣು ಕೆಂಡ. ಉಳಿದ ಹಗ್ಗ ಅವನ ಪಕ್ಕದಲ್ಲಿ ಸುರುಳಿ ಸುತ್ತಿ ಬಿದ್ದಿತ್ತು.

ಕೆಳಗಿನಿಂದ ಪುಟ್ಟಯ್ಯನ ಕೂಗು ಬಂತು. “ಜೇನುಟ್ಟು ಸಿಕ್ತು! ಇನ್ನೊಂದು ಮಾರು ಬಿಡು!”

ಜಡಿಯನ ಬೆರಳುಗಳು ಸಡಿಲವಾದವು.

“ಅಗ್ಗ ಬಿಡಬ್ಯಾಡಾ!”

ಅವಳ ಕಿರುಚು ಅವಳಿಗೇ ಗುರುತು ಸಿಗಲಿಲ್ಲ. ಹಾರಿ ಬಿದ್ದು, ಅವನ ಮುಷ್ಟಿಯ ಮೇಲೆ ಎರಡೂ ಕೈ ಬಿಗಿದಳು.

ಜಡಿಯ ಅವಳನ್ನೇ ನೋಡಿದ. ಅಮಲು ಇಳಿದು ಹೋದಂತಿತ್ತು.

“ನಾನು ಕೈ ಬಿಡ್ತೀನಿ ಅಂದ್ಕೊಂಡ್ಯಾ? ನಿಮ್ಮಣ್ಣನ್ನ?”

“ಎಳಿ. ಮ್ಯಾಕೆ ಎಳಿ.”

“ಅವನೇ ಕೇಳ್ತಾವ್ನಲ್ಲೇ, ಒಂದು ಮಾರು ಅಂತ…”

“ಬ್ಯಾಡ! ನಿನ್ನ ಕಾಲಿಗೆ ಬೀಳ್ತೀನಿ, ಎಳಿ!”

ಅವನು ಎಳೆದ. ಹಿಂದೆಯೇ ಏದುಸಿರು ಬಿಡುತ್ತ ಬಂದಿದ್ದ ನಲ್ಲಪ್ಪನೂ ಕೈ ಕೊಟ್ಟ. ಪುಟ್ಟಯ್ಯ ಅಂಚು ದಾಟಿ ಒಳಗೆ ಉರುಳಿದ. ಮುಖವೆಲ್ಲ ಮಸಿ, ಸೊಂಟದ ಜೇನಿನ ಡಬ್ಬ ಖಾಲಿ.

“ಕೈಗೆ ಬಂದಿತ್ತಲ್ಲೇ! ಏನಾಯ್ತೇ ನಿಂಗೆ?”

ಮಾಸ್ತಮ್ಮ ಅಣ್ಣನ ಕಾಲನ್ನು ಅಪ್ಪಿಕೊಂಡಳು.

“ನಿನ್ನ ತಂಗಿಗೆ ನನ್ನ ಕೈ ಮ್ಯಾಲೆ ನಂಬ್ಕೆ ಇಲ್ಲ,” ಎಂದ ಜಡಿಯ. ದನಿ ಒಡೆದಿತ್ತು. “ತಪ್ಪು ಅವಳದಲ್ಲ. ನಾಳೆ ಕುಡಿಯಕಿಲ್ಲ. ನಾನೇ ಇಳೀತೀನಿ. ನೀನು ಇಡ್ಕೊ.”

“ಕಟ್ಟಳೆ ಇರೋದೇ ಅಂಗೆ,” ಎಂದ ಪುಟ್ಟಯ್ಯ. ತಂಗಿಯ ತಲೆ ಸವರಿದ.

ಜಡಿಯ ಹಗ್ಗ ಸುತ್ತಿ ತಂದು ಅವಳ ಮಡಿಲಿಗೆ ಇಟ್ಟ. ಎಷ್ಟೋ ಕಾಲದ ಮೇಲೆ ಮೆತ್ತಗೆ ಮಾತಾಡಿದ. “ಮೇಣ ತಿಕ್ಕಿಡು.”

ಮಾಸ್ತಮ್ಮ ತಲೆಯಾಡಿಸಿದಳು. ಅವಳ ಬೆರಳು ಸುರುಳಿಯ ಮೇಲೆ ಹರಿದು, ಅವನು ಬಿಡಲಿದ್ದ ಆ ಒಂದು ಮಾರಿನೊಳಗೆ, ನಿನ್ನೆ ಅವಳೇ ಕೈಯಾರೆ ಮೂರು ಎಳೆಗಳಲ್ಲಿ ಎರಡನ್ನು ಕೊಯ್ದು ಮೇಣ ತುಂಬಿ ಮುಚ್ಚಿದ್ದ ಜಾಗವನ್ನು ತಡವರಿಸದೆ ಹುಡುಕಿಕೊಂಡಿತು.