ಎಡಗಡೆಯ ಎಂಜಿನ್

ನೂರಾರು ಇದ್ದ ಆ ಜಾತಿಯ ಉಗಿ ಎಂಜಿನ್‌ಗಳಲ್ಲಿ ಉಳಿದದ್ದು ಲೋಕೋ ಶೆಡ್ಡಿನಲ್ಲಿ ಅಕ್ಕಪಕ್ಕ ನಿಂತಿದ್ದ ಎರಡೇ. ಒಂದನ್ನು ಸ್ಟೇಷನ್ನಿನ ಮುಂದೆ ಪ್ರದರ್ಶನಕ್ಕೆ ನಿಲ್ಲಿಸಿ, ಇನ್ನೊಂದನ್ನು ಗುಜರಿಗೆ ಕಳಿಸಬೇಕಿತ್ತು. ಎಂಜಿನ್ನಿನ ಬೆಂಕಿ ನೋಡಿಕೊಳ್ಳುವ ಫೈರ್‌ಮನ್ ಆಗಿದ್ದ ಗಂಡ ಸತ್ತ ಮೇಲೆ ಅದೇ ಲೋಕೋ ಶೆಡ್ಡಿನಲ್ಲಿ ಕೆಲಸಕ್ಕೆ ಸೇರಿದ್ದ ಹೆಂಗಸಿನ ಕೈಗೆ ಅಧಿಕಾರಿ ಸೀಮೆಸುಣ್ಣ ಕೊಟ್ಟರು.

“ಬೆಂಕಿ ಕಾರಿ ನಿಮ್ಮ ಯಜಮಾನ್ರನ್ನ ಬಲಿ ತಗೊಂಡಿದ್ದು ಎಡಗಡೇದು ಅಲ್ವೇನಮ್ಮ? ಗುಜರಿ ಗುರುತು ನೀವೇ ಹಾಕಿ.”

ಅವಳು ನೆಟ್ಟಗೆ ಹೋಗಿ ಬಲಗಡೆಯ ಎಂಜಿನ್ನಿನ ಮೇಲೆ ದೊಡ್ಡದೊಂದು ಇಂಟು ಗುರುತು ಎಳೆದಳು.

“ಅಯ್ಯೋ, ಅದಲ್ಲಮ್ಮ!”

“ಗೊತ್ತು ಸಾರ್. ಹನ್ನೊಂದು ವರ್ಷ ತನ್ನ ಹೊಟ್ಟೆಗೆ ಕಲ್ಲಿದ್ದಲು ಹಾಕಿದೋರನ್ನೇ ಸುಡ್ತು ಆ ಎಡಗಡೇದು. ಗುಜರಿಗೆ ಹೋದ್ರೆ ಒಂದೇ ದಿನಕ್ಕೆ ಮುಗಿದುಹೋಗುತ್ತೆ. ಸ್ಟೇಷನ್ ಮುಂದೆ, ಬೇರೆಯವು ಓಡೋದನ್ನ ನೋಡ್ತಾ, ಹಸ್ಕೊಂಡು ನಿಂತಿರ್ಲಿ.”