ಅಳಿಸುವ ಮುನ್ನ

ಕೀಬೋರ್ಡಿನ ಧೂಳು ಒರೆಸುತ್ತಿದ್ದೆ. ಕಂಪ್ಯೂಟರ್ ರಿಪೇರಿಗೆ ಬಂದಿದ್ದ ರೆಹಾನಾ, “ತುಂಬ ಹಳೇ ವಿಂಡೋಸ್ ಆಂಟಿ. ಫೈಲ್ ಸಿಸ್ಟಮ್ಮೇ ಬದಲಾಯಿಸ್ಬೇಕು. ಒಳಗಿರೋದೆಲ್ಲ ಅಳಿಸಿಹೋಗುತ್ತೆ,” ಎಂದಳು.

“ಅಳಿಸಮ್ಮ, ಏನೂ ಇಲ್ಲ,” ನಮ್ಮ ಯಜಮಾನರು ಅವಸರಪಟ್ಟರು.

“ಒಂದು ಪತ್ರ ಇದೆಯಲ್ಲ ಅಂಕಲ್? ಒಂಬತ್ತು ವರ್ಷ ಹಳೇದು.”

ಕನ್ನಡಕ ಏರಿಸಿ ಓದಿದೆ. ‘ಕುಸುಮಾ, ನಿನ್ನ ಮದುವೆ ದಿನ ಬಾಗಿಲು ಹಾಕಿದ್ದು ನನ್ನ ತಪ್ಪು. ಇಬ್ಬರೂ ಮನೆಗೆ ಬನ್ನಿ. ಅಪ್ಪ.’

“ಯಾಕ್ರೀ ಕಳಿಸ್ಲಿಲ್ಲ?”

ಅವರು ನೆಲ ನೋಡಿದರು. “ಈ ಮನೇಲಿ ಅವಳ ಹೆಸರೆತ್ತಬಾರದು ಅಂದವನು ನಾನೇ. ವಿಳಾಸ ಯಾರನ್ನ ಕೇಳ್ಲಿ?”

“ಅಳಿಸೋ ಮುಂಚೆ ಪ್ರಿಂಟ್ ತೆಗಿಯಮ್ಮ,” ಎಂದು ರೆಹಾನಾಗೆ ಹೇಳಿ, ಸಾಸಿವೆ ಡಬ್ಬಿಯ ತಳದಲ್ಲಿ ಒಂಬತ್ತು ವರ್ಷ ಬಚ್ಚಿಟ್ಟಿದ್ದ ವಿಳಾಸ ತಂದು ಅವರ ಕೈಗಿಟ್ಟೆ. ಪತ್ರ ಸಂಜೆಯ ಟಪಾಲಿಗೇ ಹೋಯಿತು.